ಓದುವಾಗ ಎಲ್ಲ ಗೊತ್ತಿದೆ ಅನಿಸುತ್ತದೆ, ಟೆಸ್ಟ್‌ನಲ್ಲಿ ಮಾತ್ರ ಯಾಕೆ ಕೈಕೊಡುತ್ತದೆ?

ಹಾನಗಲ್ ಹುಡುಗ:

ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಸರ್ಕಾರಿ ಕೆಲಸದ ಎಫ್‌ಡಿಎ, ಪಿಎಸ್‌ಐ ಪರೀಕ್ಷೆ ಎರಡಕ್ಕೂ ಓದುತ್ತಿದ್ದೇನೆ. ಬೆಳಿಗ್ಗೆ ಲೈಬ್ರರಿಗೆ ಹೋದರೆ ವಾಪಸ್ ಬರೋದು ರಾತ್ರಿ ಮೆಸ್ ಊಟಕ್ಕೇ. ಮೊಬೈಲ್ ರೂಮಲ್ಲೇ ಇರುತ್ತದೆ, ಹಾಗಾಗಿ ದಯವಿಟ್ಟು ಮೊಬೈಲ್ ಬಿಡಿ ಅಂತ ಯಾರೂ ಬುದ್ಧಿ ಹೇಳಬೇಡಿ.

ಕರ್ನಾಟಕ ಇತಿಹಾಸ ಮತ್ತೆ ಮತ್ತೆ ಓದಿದ್ದೇನೆ. ಹೈಲೈಟರ್ ಹಾಕಿ ಹಾಕಿ ಈಗ ಪುಟದಲ್ಲಿ ಹಳದಿಯಾಗದೆ ಉಳಿದ ಸಾಲೇ ಕಮ್ಮಿ. ಓದುತ್ತಾ ಹೋದರೆ ಎಲ್ಲ ಗೊತ್ತು ಅನಿಸುತ್ತದೆ. ಭಾನುವಾರ ಮಾಕ್ ಟೆಸ್ಟ್‌ಗೆ ಕೂತರೆ ನಾಲ್ಕು ಆಯ್ಕೆಗಳೂ ಎಲ್ಲೋ ನೋಡಿದ ಹಾಗೇ ಇರುತ್ತವೆ. ಹಲ್ಮಿಡಿ, ತಾಳಗುಂದ, ಐಹೊಳೆ, ಬಾದಾಮಿ, ಯಾವ ಶಾಸನ ಯಾರ ಕಾಲದ್ದು ಅಂದರೆ ಪೂರ್ತಿ ಕಲಸುಮೇಲೋಗರ.

ಗಣಿತದ್ದು ಇನ್ನೂ ವಿಚಿತ್ರ. ಕ್ಲಾಸಲ್ಲಿ ರೈಲಿನ ಲೆಕ್ಕ ಹೇಳಿಕೊಟ್ಟ ದಿನ ಪಟಪಟ ಬಿಡಿಸುತ್ತೇನೆ, ಟೆಸ್ಟ್‌ನಲ್ಲಿ ಅದೇ ಲೆಕ್ಕ ಬಂದರೆ ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯುವುದಿಲ್ಲ. ರೂಮ್‌ಮೇಟ್ ಪ್ರಕಾರ ನಾನು ವಿಶುವಲ್ ಲರ್ನರ್, ಅಂದರೆ ನೋಡಿ ಕಲಿಯುವವನು ಅಂತೆ, ಪುಸ್ತಕ ಬಿಟ್ಟು ವಿಡಿಯೋ ನೋಡಬೇಕಂತೆ. ಮನೆಯಲ್ಲಿ ಒಂದೆಲಗದ ಚಟ್ನಿ ತಿನ್ನು ಅಂತಾರೆ. ನನಗೆ ನೆನಪಿನ ಶಕ್ತಿಯೇ ಕಮ್ಮಿನಾ?

ಕೆಸಿಡಿ ಕಟ್ಟೆ:

ನೆನಪಿನ ಶಕ್ತಿಗೆ ಏನೂ ಆಗಿಲ್ಲ. ಚಟ್ನಿ ರುಚಿಯಾಗಿರುತ್ತದೆ, ತಿನ್ನಿ.

ಒಂದೇ ಪುಟ ಮತ್ತೆ ಮತ್ತೆ ಓದಿದರೆ ಅದು ಕಣ್ಣಿಗೆ ರೂಢಿಯಾಗುತ್ತದೆ. ಮುಂದಿನ ಸಾಲು ಏನು ಅಂತ ಮೊದಲೇ ಹೊಳೆಯುತ್ತದೆ. ಅದನ್ನೇ ನಾವು ಗೊತ್ತಿದೆ ಅಂದುಕೊಂಡು ಪುಟ ತಿರುಗಿಸುತ್ತೇವೆ. ಪ್ರಶ್ನೆಪತ್ರಿಕೆ ತೆಗೆಯುವವರಿಗೆ ಇದು ಚೆನ್ನಾಗಿ ಗೊತ್ತು, ಅದಕ್ಕೇ ನಾಲ್ಕು ಆಯ್ಕೆಗಳನ್ನೂ ಅದೇ ಪಾಠದಿಂದ ಎತ್ತಿ ಕೊಡುತ್ತಾರೆ. ಆಗ ಗುರುತು ಸಿಕ್ಕಿದರೆ ಸಾಲದು, ಅಲ್ವಾ? ನಾಲ್ಕರದ್ದೂ ಗುರುತು ಸಿಗುತ್ತದೆ! ಪುಸ್ತಕ ಮುಚ್ಚಿದಾಗ ತಲೆಯಿಂದ ಹೊರಗೆ ಎಳೆಯೋಕೆ ಬರಬೇಕು. ದಿನವಿಡೀ ಓದುವ ನೀವು ಆ ಎಳೆಯುವ ಕೆಲಸವನ್ನು ವಾರಕ್ಕೊಮ್ಮೆ, ಟೆಸ್ಟ್‌ನಲ್ಲಿ ಮಾತ್ರ ಮಾಡುತ್ತಿದ್ದೀರಿ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಇಬ್ಬರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಕಾಲೇಜು ಹುಡುಗರಿಗೆ ಎರಡು ಸಣ್ಣ ಪಾಠ ಕೊಟ್ಟು, ಒಂದನ್ನು ಎರಡನೇ ಬಾರಿ ಓದಿಸಿದರು, ಇನ್ನೊಂದನ್ನು ನೋಡದೆ ನೆನಪಾದಷ್ಟು ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಉಲ್ಟಾ: ಓದಿದ್ದರಲ್ಲಿ ಶೇ 42, ಬರೆದದ್ದರಲ್ಲಿ ಶೇ 56. ಅಂದರೆ ರಾತ್ರಿ ಲೈಬ್ರರಿಯಿಂದ ಏಳುವಾಗ ಓದಿದವನಿಗೆ ಇವತ್ತು ಭರ್ಜರಿಯಾಯಿತು ಅನಿಸುವುದು ಸುಳ್ಳೇನಲ್ಲ. ಆದರೆ ಎಕ್ಸಾಮ್ ಅದೇ ರಾತ್ರಿ ಇರುವುದಿಲ್ಲವಲ್ಲ.

ಹೀಗೆ ಮಾಡಿ. ಖಾಲಿ ಹಾಳೆ ಮೇಲೆ ತಾಳಗುಂದ ಅಂತ ಬರೆಯಿರಿ. ಪುಸ್ತಕ ಮುಚ್ಚಿ. ಎಲ್ಲಿದೆ? ಶಿಕಾರಿಪುರ ತಾಲೂಕು. ಯಾರದು? ಕದಂಬರದು, ಶಾಂತಿವರ್ಮನ ಕಾಲ. ಬರೆದವನು? ಕುಬ್ಜ. ಏನು ಹೇಳುತ್ತದೆ? ಮಯೂರಶರ್ಮ ಓದಲು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾದದ್ದು, ಕೊನೆಗೆ ಕತ್ತಿ ಹಿಡಿದದ್ದು. ಬರಲಿಲ್ಲ ಅಂದರೆ ತಕ್ಷಣ ಪುಸ್ತಕ ತೆಗೀಬೇಡಿ. ಸ್ವಲ್ಪ ಒದ್ದಾಡಿ, ಆಮೇಲೆ ತೆಗೆದು ತಪ್ಪನ್ನು ಬೇರೆ ಬಣ್ಣದಲ್ಲಿ ತಿದ್ದಿ. ಐಹೊಳೆಗೂ ಇದನ್ನೇ ಮಾಡಿ: ರವಿಕೀರ್ತಿ, ಇಮ್ಮಡಿ ಪುಲಕೇಶಿ, ಹರ್ಷನ ಸೋಲು. ಎರಡು ಹಾಳೆ ಪಕ್ಕಪಕ್ಕ ಇಟ್ಟರೆ ಕಲಸುಮೇಲೋಗರ ತಾನಾಗೇ ಬಿಡಿಸಿಕೊಳ್ಳುತ್ತದೆ. ಹೈಲೈಟರ್ ತಮ್ಮನಿಗೆ ಕೊಟ್ಟುಬಿಡಿ.

ಗದಗ ಮೇಷ್ಟ್ರು:

ಹೈಸ್ಕೂಲ್ ಗಣಿತ ಹೇಳುವವನು ನಾನು, ಗಣಿತದ ಪಾಲು ನನ್ನದಿರಲಿ. ಈ ಎರಡು ಲೆಕ್ಕ ನೋಡ್ರಿ.

493 ಮೀಟರ್ ಉದ್ದದ ರೈಲು ಗಂಟೆಗೆ 72 ಕಿ.ಮೀ. ವೇಗದಲ್ಲಿದೆ. ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರ್ಮನ್ನು ಪೂರ್ತಿ ದಾಟಲು ಎಷ್ಟು ಹೊತ್ತು ಬೇಕು? ಅದೇ ರೈಲು ಒಂದು ಸಿಗ್ನಲ್ ಕಂಬ ದಾಟಲು ಎಷ್ಟು ಹೊತ್ತು? (ರೈಲಿನ ಉದ್ದ ನಾನು ಹುಟ್ಟಿಸಿದ್ದು, ಕೂಡಿದರೆ ಸರಿಯಾಗಿ 2000 ಬರಲಿ ಅಂತ. ಪ್ಲಾಟ್‌ಫಾರ್ಮ್ ಉದ್ದ ನಿಜವಾದದ್ದು, 2023ರಲ್ಲಿ ಉದ್ಘಾಟನೆಯಾಯಿತು, ಜಿಕೆಗೂ ಬೇಕಾಗುತ್ತದೆ.)

72 ಕಿ.ಮೀ. ಅಂದರೆ ಸೆಕೆಂಡಿಗೆ 20 ಮೀಟರ್. ಪ್ಲಾಟ್‌ಫಾರ್ಮಿಗೆ ಎರಡೂ ಉದ್ದ ಕೂಡಿಸಬೇಕು, 100 ಸೆಕೆಂಡ್. ಕಂಬಕ್ಕೆ ರೈಲಿನ ಉದ್ದ ಒಂದೇ, 25 ಸೆಕೆಂಡಿಗೆ ಚೂರು ಕಮ್ಮಿ. ಭಾಗಾಕಾರ ನಿಮಗೂ ಬರುತ್ತದೆ. ಕೂಡಿಸಬೇಕಾ ಬೇಡವಾ ಅನ್ನುವುದೇ ಇಲ್ಲಿ ನಿಜವಾದ ಲೆಕ್ಕ. ಕ್ಲಾಸಲ್ಲಿ ಬೋರ್ಡಿನ ಮೇಲೆ "ಪ್ಲಾಟ್‌ಫಾರ್ಮ್ ದಾಟುವ ಲೆಕ್ಕಗಳು" ಅಂತ ಬರೆದು ಒಂದೇ ಜಾತಿಯ ಹತ್ತು ಲೆಕ್ಕ ಕೊಟ್ಟಾಗ ಆ ತೀರ್ಮಾನವನ್ನು ತಲೆಬರಹವೇ ಮಾಡಿಬಿಟ್ಟಿರುತ್ತದೆ. ನೀವು ಸಂಖ್ಯೆ ತುಂಬುತ್ತಾ ಹೋಗುತ್ತೀರಿ, ಪಟಪಟ ಬರುತ್ತದೆ. ಟೆಸ್ಟ್‌ನಲ್ಲಿ ತಲೆಬರಹ ಇರುವುದಿಲ್ಲ. ಹಿಂದಿನದು ನಳ್ಳಿ-ತೊಟ್ಟಿ, ಮುಂದಿನದು ದೋಣಿ-ಪ್ರವಾಹ, ನಡುವೆ ರೈಲು.

2007ರಲ್ಲಿ ರೋರರ್ ಮತ್ತು ಟೇಲರ್ ಅನ್ನುವವರು ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಒಂದು ಗುಂಪಿಗೆ ಬಗೆಬಗೆಯಾಗಿ ಬೇರೆ ಮಾಡಿ, ಇನ್ನೊಂದಕ್ಕೆ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಬೇರೆ ಮಾಡಿ ಕೊಟ್ಟವರು ಶೇ 89 ಸರಿ, ಕಲಸಿ ಕೊಟ್ಟವರು ಶೇ 60. ವಾರ ಬಿಟ್ಟು ಟೆಸ್ಟ್ ಕೊಟ್ಟರೆ ಮೊದಲಿನವರು ಶೇ 20ಕ್ಕೆ ಕುಸಿದರು, ಕಲಸಿದವರು ಶೇ 63ರಲ್ಲಿ ನಿಂತರು. ಇದನ್ನು ನೋಡಿದ ಮೇಲೂ ನಮ್ಮ ಗೈಡುಗಳು ಅಧ್ಯಾಯವಾರು ಲೆಕ್ಕವನ್ನೇ ತುಂಬಿ ಮಾರುತ್ತವೆ, ಏನು ಮಾಡೋದು.

ಹೊಸ ಲೆಕ್ಕ ಕಲಿತ ದಿನ ಅದೇ ಜಾತಿಯವು ನಾಲ್ಕೈದು ಸಾಕು. ಆಮೇಲೆ ಹಳೆಯ ಅಧ್ಯಾಯಗಳ ಜೊತೆ ಕಲಸಿ. ಒಂದೊಂದು ದಿನ ಲೆಕ್ಕ ಬಿಡಿಸಲೇಬೇಡಿ. ಪ್ರಶ್ನೆ ಓದಿ, ಇದು ಯಾವ ಜಾತಿ, ಮೊದಲ ಹೆಜ್ಜೆ ಏನು ಅಂತಷ್ಟೇ ಬರೆದು ಮುಂದಕ್ಕೆ ಹೋಗಿ.

ಚಿಗರಿ ಪ್ಯಾಸೆಂಜರ್:

ಮೇಷ್ಟ್ರೇ, ನೀವು ಹೇಳಿದ್ದು ಇಡೀ ದಿನ ಕೈಯಲ್ಲಿದ್ದವರಿಗೆ. ನಾನು ಹುಬ್ಬಳ್ಳಿಯಲ್ಲಿ ಕೆಲಸ ಮಾಡಿಕೊಂಡು ಧಾರವಾಡದಿಂದ ಓಡಾಡುವವನು. ಚಿಗರಿ ಬಸ್ಸಲ್ಲಿ ಸೀಟು ಸಿಗುವುದೇ ದೊಡ್ಡದು, ಹಾಳೆ ಎಲ್ಲಿಂದ ಹಿಡಿಯಲಿ? ಹಾಗಾಗಿ ನಿಂತುಕೊಂಡೇ ನಿನ್ನೆ ಓದಿದ್ದನ್ನು ಮನಸ್ಸಲ್ಲಿ ತೆಗೆಯುತ್ತೇನೆ. ಉಣಕಲ್ ಬರೋ ಹೊತ್ತಿಗೆ ಎಲ್ಲಿ ತಡವರಿಸಿದೆ ಅಂತ ಗೊತ್ತಾಗಿರುತ್ತದೆ, ರಾತ್ರಿ ಅಷ್ಟನ್ನು ಮಾತ್ರ ನೋಡುತ್ತೇನೆ.

ಇನ್ನೊಂದು, ವಾಟ್ಸಾಪ್‌ನಲ್ಲಿ "ಒಂದೇ ದಿನದಲ್ಲಿ ಶೇ 70 ಮರೆಯುತ್ತೀರಿ" ಅನ್ನೋ ಗ್ರಾಫ್ ಓಡಾಡುತ್ತಿದೆ, ಅದಕ್ಕೆ ಹೆದರಬೇಡಿ. ಅದರ ಮೂಲ 1885ರಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಬರೆದದ್ದು. ಆತ ಪ್ರಯೋಗ ಮಾಡಿದ್ದು ತನ್ನೊಬ್ಬನ ಮೇಲೆ, ಅದೂ ಅರ್ಥವೇ ಇಲ್ಲದ ಉಚ್ಚಾರಗಳ ಪಟ್ಟಿ ಬಾಯಿಪಾಠ ಮಾಡಿ. ಅಳೆದದ್ದು ಮತ್ತೆ ಕಲಿಯುವಾಗ ಮೊದಲಿಗಿಂತ ಎಷ್ಟು ಶ್ರಮ ಉಳಿತಾಯವಾಯಿತು ಅಂತ, ಒಂದು ದಿನದ ನಂತರ ಸುಮಾರು ಮೂರನೇ ಒಂದು ಭಾಗ. ಕದಂಬರ ಕಥೆ ಅರ್ಥವಿಲ್ಲದ ಪಟ್ಟಿಯೇನಲ್ಲ. ಮರೆವು ಶುರುವಿನಲ್ಲಿ ಜೋರು, ಆಮೇಲೆ ನಿಧಾನ ಅನ್ನುವುದು ಮಾತ್ರ ನಿಜ. ಅದಕ್ಕೇ ಒಂದು ವಿಷಯಕ್ಕೆ ಒಂದೇ ದಿನ ನಾಲ್ಕು ಗಂಟೆ ಸುರಿಯುವ ಬದಲು ಅದನ್ನೇ ಹಂಚಿ, ನಾಳೆ, ಮುಂದಿನ ವಾರ, ಮುಂದಿನ ತಿಂಗಳು.

ವಿಶುವಲ್ ಲರ್ನರ್ ಮಾತು ಬಿಟ್ಟುಬಿಡಿ. ನೋಡಿ ಕಲಿಯುವವರು, ಕೇಳಿ ಕಲಿಯುವವರು ಅಂತ ವಿಂಗಡಿಸಿ ಕಲಿಸಿದರೆ ಲಾಭ ಅನ್ನುವುದಕ್ಕೆ ತಕ್ಕ ಪುರಾವೆ ಇಲ್ಲ ಅಂತ ಪ್ಯಾಶ್ಲರ್ ಮತ್ತಿತರರು 2008ರಲ್ಲೇ ಪರಿಶೀಲಿಸಿ ಬರೆದಿದ್ದಾರೆ. ನದಿಗಳನ್ನು ಎಲ್ಲರೂ ನಕ್ಷೆ ನೋಡಿಯೇ ಕಲಿಯಬೇಕು, ರೂಮ್‌ಮೇಟ್ ಕೂಡ.

ಹಾನಗಲ್ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್ ರೀ. ತಾಳಗುಂದ ಹಾಳೆ ಮಾಡಿ ನೋಡಿದೆ, ಎರಡು ಸಾಲಿಗೇ ಪೆನ್ ನಿಂತಿತು. ಬೇಜಾರಾಯಿತು, ಆದರೆ ಕುಬ್ಜನ ಹೆಸರು ಇನ್ನು ಮರೆಯುವುದಿಲ್ಲ. ಒಂದು ಡೌಟ್: ಹಾಗಾದರೆ ಪುಸ್ತಕ ಬಿಟ್ಟು ಬರೀ ಪ್ರಶ್ನೆ ಬ್ಯಾಂಕ್ ಮಾಡಿದರೆ ಸಾಕಾ?

ಕೆಸಿಡಿ ಕಟ್ಟೆ:

ಸಾಲದು. ಓದದೆ ಇದ್ದದ್ದನ್ನು ತಲೆಯಿಂದ ಎಳೆಯುವುದು ಹೇಗೆ? ಇನ್ನೊಂದು ತೊಂದರೆಯೂ ಇದೆ. ಬಹು ಆಯ್ಕೆ ಪ್ರಶ್ನೆಯಲ್ಲಿ ತಪ್ಪು ಉತ್ತರಕ್ಕೆ ಟಿಕ್ ಹಾಕಿ ಹಾಗೇ ಬಿಟ್ಟರೆ, ಮುಂದೆ ಆ ತಪ್ಪೇ ಸರಿ ಅಂತ ನೆನಪಿಗೆ ಬರಬಹುದು. ರೋಡಿಗರ್ ಮತ್ತು ಮಾರ್ಷ್ 2005ರಲ್ಲಿ ಇದನ್ನೂ ತೋರಿಸಿದ್ದಾರೆ. ಅದಕ್ಕೆ ಪ್ರಶ್ನೆ ಓದುವಾಗ ಆಯ್ಕೆಗಳ ಮೇಲೆ ಕೈ ಇಟ್ಟು ಮೊದಲು ಉತ್ತರ ಹೇಳಿ, ಆಮೇಲೆ ಕೈ ತೆಗೆಯಿರಿ. ಮುಗಿದ ಕೂಡಲೇ ಸರಿ ಉತ್ತರ ನೋಡಿ. ಹಳೆಯ ಕೆಪಿಎಸ್‌ಸಿ ಪೇಪರ್ ಮಾಡುವುದಾದರೆ ಆಯೋಗದ ಅಂತಿಮ ಕೀ ಉತ್ತರವನ್ನೇ ಇಟ್ಟುಕೊಳ್ಳಿ. ಟೆಲಿಗ್ರಾಂನಲ್ಲಿ ಸಿಗುವ, ಯಾರೋ ಪೆನ್ನಲ್ಲಿ ಟಿಕ್ ಹಾಕಿದ ಪಿಡಿಎಫ್ ಮಾತ್ರ ಬೇಡ.