1ರಿಂದ 100ರ ಸಂಖ್ಯೆ ಸರಪಳಿ ಆಟ ಮೂರೇ ಹೆಜ್ಜೆಗೆ ಮುಗಿಯುತ್ತಿದೆ, ಸರಿಪಡಿಸೋದು ಹೇಗೆ?

ಪ್ರಶ್ನೆ:
ಏಳನೇ ಕ್ಲಾಸಿನ ಮಕ್ಕಳಿಗೆ ಒಂದು ಆಟ ಮಾಡುತ್ತಿದ್ದೇನೆ. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ 10×10 ಚೌಕ, ಒಳಗೆ 1ರಿಂದ 100. ಇಬ್ಬರ ಆಟ. ಒಬ್ಬರು ಒಂದು ಸಂಖ್ಯೆ ಹೇಳಿ ಅದರ ಮೇಲೆ ಹುಣಸೆ ಬೀಜ ಇಡಬೇಕು, ಇನ್ನೊಬ್ಬರು ಅದರ ಅಪವರ್ತನವನ್ನೋ (ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ) ಅಪವರ್ತ್ಯವನ್ನೋ (ಅದರ ಮಗ್ಗಿಯಲ್ಲಿ ಬರುವ ಸಂಖ್ಯೆ) ಹೇಳಬೇಕು. ಬೀಜ ಇಟ್ಟದ್ದನ್ನು ಮತ್ತೆ ಹೇಳುವಂತಿಲ್ಲ. ಹೇಳಲು ಸಂಖ್ಯೆ ಸಿಗದವರು ಸೋತ ಹಾಗೆ.

ಮೊದಲ ದಿನ ಚೆನ್ನಾಗಿ ನಡೆಯಿತು. ಮಾರನೇ ದಿನ ಒಬ್ಬಳು 97 ಅಂದಳು. ಎದುರಿನವನಿಗೆ 1 ಬಿಟ್ಟರೆ ಗತಿಯಿಲ್ಲ. ಅವಳು 89 ಅಂದಳು, ಮುಗೀತು! ಈಗ ಎಲ್ಲರೂ 97ಕ್ಕೇ ಮುಗಿಬೀಳುತ್ತಾರೆ.

ಉತ್ತರ:
ಮೇಡಂ, ಇದೇ ಆಟ ಸ್ಕಾಟ್ಲೆಂಡಿನ ಜುನಿಪರ್ ಗ್ರೀನ್ ಎಂಬಲ್ಲಿನ ಶಾಲೆಯಲ್ಲಿ ಹುಟ್ಟಿ, ಅದೇ ಹೆಸರಲ್ಲಿ ಪ್ರಸಿದ್ಧವಾಗಿದೆ. ಅಲ್ಲಿನ ನಿಯಮ: ಮೊದಲ ಸಂಖ್ಯೆ ಸಮಸಂಖ್ಯೆಯೇ ಆಗಿರಬೇಕು. ಅಷ್ಟು ಮಾಡಿ ನೋಡಿ.

ಪ್ರಶ್ನೆ ಕೇಳಿದವರು:
ಮಾಡಿದೆ ಸರ್. ಈಗ ಯಾರಾದರೂ ಮರೆತು 1 ಅಂದರೆ ಸಾಕು, ಎದುರಿನವರು 97 ಅಂತಾರೆ, ಅಲ್ಲಿಗೇ ನಿಂತಿತು.

ಇನ್ನೊಂದು ಉತ್ತರ:
ಹಾಗಾದರೆ 1ನ್ನೇ ತೆಗೆದುಬಿಡಿ. ಅದು ಎಲ್ಲ ಸಂಖ್ಯೆಗೂ ಅಪವರ್ತನ, ಹಾಗಾಗಿ ಅದನ್ನು ಹೇಳುವಾಗ ಮಕ್ಕಳು ಏನೂ ಯೋಚಿಸಬೇಕಾಗಿಲ್ಲ. 1 ಹೋದ ಮೇಲೆ 50ಕ್ಕಿಂತ ದೊಡ್ಡ ಅವಿಭಾಜ್ಯಗಳು ಒಂಟಿಯಾಗುತ್ತವೆ: 53, 59, 61, 67, 71, 73, 79, 83, 89, 97. ಅವನ್ನೂ ತೆಗೆಯಿರಿ. ಉಳಿದ 89 ಮನೆಯಲ್ಲಿ ಆಡಿಸಿ.

ಆಮೇಲೆ ಆಟಕ್ಕೆ ನಿಜವಾದ ರುಚಿ ಬರುತ್ತದೆ. 2 ಆದ ಮೇಲೆ ನೀವು 74 ಅಂದರೆ ಎದುರಿನವರು 37 ಅಂತಾರೆ, ನಿಮಗೆ ದಾರಿಯಿಲ್ಲ. 82, 86, 94 ಕೂಡ ಇಂಥವೇ ಹೊಂಡಗಳು. ಮಕ್ಕಳೇ ಬಿದ್ದು ಕಲಿಯಲಿ, ನೀವು ಹೇಳಿಕೊಡಬೇಡಿ.

ಒಂದು ಎಚ್ಚರಿಕೆ ಮಾತ್ರ. ಎದುರಿನವರು 2 ಅಂದಾಗ ಮುಂದೆ ಹೇಳುವ ಮನೆಗಳೆಲ್ಲ ಖಾಲಿ ಇದ್ದರೆ ನೀವು ಗೆದ್ದಂತೆಯೇ. ನೀವು 58, ಅವರು 29, ನೀವು 87, ಅವರು 3, ನೀವು 93, ಅವರು 31, ನೀವು 62. 62ಕ್ಕೆ ಉಳಿದಿದ್ದ 2 ಮೊದಲೇ ಹೋಗಿದೆ. ಈ ದಾರಿಯಲ್ಲಿ ಅವರಿಗೆ ಒಂದು ಕಡೆಯೂ ಆಯ್ಕೆಯೇ ಇಲ್ಲ, ಬರೆದು ನೋಡಿ. ಯಾರಾದರೂ ಇದನ್ನು ಕಂಡುಹಿಡಿದ ದಿನ ಖುಷಿಪಡಿ, ಆಮೇಲೆ ಆಟಕ್ಕೆ ಮೊದಲೇ 93ರ ಮೇಲೆ ಬೀಜ ಇಟ್ಟು ಶುರುಮಾಡಿಸಿ. ದಾರಿ ಮುರಿಯುತ್ತದೆ. ಪ್ರತಿ ಸಲ ಬೇರೆ ಬೇರೆ ಮನೆ ಮುಚ್ಚಿದರೆ ಬಾಯಿಪಾಠ ನಡೆಯುವುದಿಲ್ಲ.

ಪ್ರಶ್ನೆ ಕೇಳಿದವರು:
ಇವತ್ತು 93 ಮುಚ್ಚಿ ಆಡಿಸಿದೆ ಸರ್. 97ರ ಹುಡುಗಿಯೇ, 2 ಬಂದ ಕೂಡಲೇ 62 ಅಂದಳು. ಎದುರಿನವನು 31 ಅಂದ. ಅವಳು ಮಗ್ಗಿ ಗುನುಗುತ್ತಾ 93ರ ಮೇಲಿನ ಬೀಜವನ್ನೇ ದಿಟ್ಟಿಸಿದಳು. ಆಮೇಲೆ "ಓ, ಇದೂ ಈಗ 74ರ ಥರಾನೇ ಆಯ್ತು" ಅಂದಳು.