ಪದಚರ್ಚೆ: 'ಏರ್ ಹಿಡಿದಿದೆ' ಅಂದರೆ ಯಾವ ತೊಂದರೆ? ಹಳೇ ಮಾದರಿ ವಿಮಾನದ ಇಂಜಿನ್‌ಗೆ ಬೇಕಾದ ಮಾತುಗಳು

ಎಲ್ಲರಿಗೂ ನಮಸ್ಕಾರ. ಒಂದು ಮಾತಿನ ಬಗ್ಗೆ ನಿಮ್ಮ ಸಹಾಯ ಬೇಕು. 'ಏರ್ ಹಿಡಿದಿದೆ', ನಮ್ಮ ಕಡೆ ಬಾಯಲ್ಲಿ 'ಏರ್ ಹಿಡದೈತ್ರಿ'. ಹುಬ್ಬಳ್ಳಿ-ಧಾರವಾಡದಲ್ಲಿ ಪಂಪ್‌ಸೆಟ್, ಟ್ರ್ಯಾಕ್ಟರ್ ರಿಪೇರಿ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಈಗ ಅದೇ ಮಾತು ರೇಡಿಯೊ ಕಂಟ್ರೋಲ್ ವಿಮಾನಗಳ ಹಳೇ ಇಂಜಿನ್ ರಿಪೇರಿಗೂ ಬಂದಿದೆ. ಅಲ್ಲಿ ಅದು ಹುಡುಗರ ದಾರಿ ತಪ್ಪಿಸುತ್ತಿದೆ ಅನ್ನೋದು ನನ್ನ ಚಿಂತೆ.

ಧಾರವಾಡದ ಕೆಲವು ಕಾಲೇಜು ಹುಡುಗರು ಅಟ್ಟದ ಮೇಲಿದ್ದ, ಯಾರೋ ಕಾಕಾ ಬಿಟ್ಟುಹೋದ ಹಳೇ ಗ್ಲೋ ಇಂಜಿನ್‌ಗಳನ್ನ ಮತ್ತೆ ಓಡಿಸಬೇಕು ಅಂತ ಹಟ ಹಿಡಿದಿದ್ದಾರೆ. 2.5 ಸಿಸಿ, 6.5 ಸಿಸಿ ಅಳತೆಯ, ಕಾದ ತಂತಿಯ ಗ್ಲೋ ಪ್ಲಗ್‌ನಿಂದ ಮೆಥನಾಲ್ ಹತ್ತಿಸಿ ಓಡುವ ಸಣ್ಣ ಇಂಜಿನ್‌ಗಳು. ಅವರಿಗಾಗಿ ನಾನು ಕನ್ನಡದಲ್ಲಿ ರಿಪೇರಿ ಟಿಪ್ಪಣಿ ಬರೆಯುತ್ತಿದ್ದೇನೆ. ಇಂಜಿನ್ ಹತ್ತಿಸೋದು, ಪ್ರೊಪೆಲ್ಲರ್ ಕಟ್ಟೋದು ಎಲ್ಲಾ ಸಲೀಸಾಗಿ ಬರೆದಾಯಿತು. ಟ್ಯಾಂಕ್‌ನಿಂದ ಕಾರ್ಬೊರೇಟರ್‌ವರೆಗಿನ ಗೇಣುದ್ದದ ನಳಿಕೆ ಬಗ್ಗೆ ಬರೆಯುವಾಗ ಮಾತ್ರ ಮಾತು ಸಿಗದೆ ನಿಂತುಬಿಟ್ಟಿದ್ದೇನೆ. ಈ ಇಂಜಿನ್‌ಗಳ ಮುಕ್ಕಾಲು ಕಾಟ ಇರೋದು ಅಲ್ಲೇ.

ಡೀಸೆಲ್ ಪಂಪ್‌ಸೆಟ್‌ನಲ್ಲಿ ಏರ್ ಹಿಡಿಯೋದು ಅಂದರೆ ಏನು ಅಂತ ಹಳ್ಳಿ ಮನೆಯವರಿಗೆಲ್ಲ ಗೊತ್ತು. ಟ್ಯಾಂಕ್ ಖಾಲಿ ಆಗುವವರೆಗೆ ಓಡಿಸಿದರೆ ಲೈನ್‌ಗೆ ಗಾಳಿ ನುಗ್ಗುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ಹಾಗಾಗಿ ಪಂಪ್ ಎಷ್ಟು ಒತ್ತಿದರೂ ನಾಝಲ್‌ವರೆಗೆ ಡೀಸೆಲ್ ಮುಟ್ಟುವುದಿಲ್ಲ. ಫಿಲ್ಟರ್ ಹತ್ತಿರದ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಬಿಟ್ಟು, ಮತ್ತೆ ಬಿಗಿ ಮಾಡಿದರೆ ಆಯಿತು. ಅಂದರೆ ಗಾಳಿ ಒಂದು ಸಲ ಹೊಕ್ಕಿದೆ, ಒಂದು ಸಲ ತೆಗೆದರೆ ಕಥೆ ಮುಗಿಯಿತು. 'ಏರ್ ಹಿಡಿದಿದೆ' ಅನ್ನೋ ಮಾತಿನ ಬೆನ್ನಿಗೇ 'ಏರ್ ತೆಗಿ' ಅನ್ನೋ ಔಷಧಿಯೂ ಬರುತ್ತದೆ.

ಮಾದರಿ ವಿಮಾನದ ಹಳೇ ಇಂಜಿನ್‌ನಲ್ಲಿ ಪಂಪೇ ಇಲ್ಲ, ಸ್ಕ್ರೂ ಎಲ್ಲಿಂದ ಬರಬೇಕು? ಕಾರ್ಬೊರೇಟರ್ ಬಾಯಲ್ಲಿ ಗಾಳಿ ಜೋರಾಗಿ ನುಗ್ಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ, ಆ ಇಳಿತ ಟ್ಯಾಂಕ್‌ನಿಂದ ಫ್ಯೂಯೆಲ್ ಎಳೆದುಕೊಳ್ಳುತ್ತದೆ. ಅಷ್ಟೇ ಅದರ ಬಲ. ಇಲ್ಲಿ ಗಾಳಿಯ ತೊಂದರೆ ಒಂದಲ್ಲ, ಕನಿಷ್ಠ ನಾಲ್ಕು ಬಗೆ. ಅವುಗಳಲ್ಲಿ ಒಂದಂತೂ ಉಳಿದವಕ್ಕೆ ಪೂರ್ತಿ ಉಲ್ಟಾ. ಎಲ್ಲಕ್ಕೂ ಹುಡುಗರು ಹೇಳೋದು ಒಂದೇ ಮಾತು: ಏರ್ ಹಿಡದೈತ್ರಿ.

ಮೊದಲನೇದು ಟ್ಯಾಂಕ್ ಒಳಗಿನದು. ಟ್ಯಾಂಕ್ ಒಳಗೆ ಮೆತ್ತಗಿನ ನಳಿಕೆ, ಅದರ ತುದಿಗೆ ಹಿತ್ತಾಳೆಯ ತೂಕ. ವಿಮಾನ ಯಾವ ಕಡೆ ವಾಲಿದರೂ ತೂಕ ಫ್ಯೂಯೆಲ್ ಇದ್ದ ಕಡೆ ಜಾರುತ್ತದೆ. ಇದನ್ನ ಟಿಪ್ಪಣಿಯಲ್ಲಿ 'ಗುಂಡು' ಅಂತ ಬರೆದಿದ್ದೇನೆ, ಯಾರೂ ತಕರಾರು ಮಾಡಿಲ್ಲ. ವರ್ಷಗಟ್ಟಲೆ ಬಿದ್ದಿದ್ದ ಟ್ಯಾಂಕ್‌ನಲ್ಲಿ ಈ ನಳಿಕೆ ಗಟ್ಟಿಯಾಗಿ, ಮುಚ್ಚಳದಿಂದ ಒಳಬರುವ ಹಿತ್ತಾಳೆ ಕೊಳವೆಗೆ ಅದನ್ನ ಸಿಕ್ಕಿಸಿದ ಕಡೆ ಕೂದಲೆಳೆಯಷ್ಟು ಸೀಳು ಬಿಟ್ಟಿರುತ್ತದೆ. ಟ್ಯಾಂಕ್ ತುಂಬಿದ್ದಾಗ ಸೀಳು ಫ್ಯೂಯೆಲ್‌ನಲ್ಲಿ ಮುಳುಗಿರುತ್ತದೆ, ಇಂಜಿನ್ ಚೆನ್ನಾಗೇ ಓಡುತ್ತದೆ. ಅರ್ಧ ಖಾಲಿಯಾಗಿ ಸೀಳು ಮೇಲೆ ಬಂತು ಅಂದರೆ ಶುರು. ಪಾರದರ್ಶಕ ನಳಿಕೆಯನ್ನ ಬೆಳಕಿಗೆ ಹಿಡಿದು ನೋಡಿ. ಸಾಸಿವೆಗಿಂತ ಸಣ್ಣ ಗುಳ್ಳೆ ಒಂದರ ಹಿಂದೆ ಒಂದು ಬರುತ್ತವೆ. ಒಂದು ಗುಳ್ಳೆ ಕಾರ್ಬೊರೇಟರ್ ಮುಟ್ಟಿದ ಗಳಿಗೆಯಲ್ಲಿ ದನಿ ಕೀರ್ ಅಂತ ಮೇಲೇರಿ ಮತ್ತೆ ಇಳಿಯುತ್ತದೆ. ಇನ್ನೊಂದು ಗುಳ್ಳೆ, ಮತ್ತೆ ಕೀರ್. ಈ ಲಯ ಒಮ್ಮೆ ಕೇಳಿದವರಿಗೆ ಮರೆಯೋದಿಲ್ಲ. ಇಲ್ಲಿ 'ಏರ್ ತೆಗೆಯೋಕೆ' ಏನೂ ಇಲ್ಲ, ತೆಗೆದಷ್ಟೂ ಬರುತ್ತಲೇ ಇರುತ್ತದೆ. ನಳಿಕೆ ಬದಲಿಸಬೇಕು.

ಎರಡನೇದು ನೀಡಲ್ (ಎಷ್ಟು ಫ್ಯೂಯೆಲ್ ಹೋಗಬೇಕು ಅಂತ ತಿರುಗಿಸಿ ಹೊಂದಿಸುವ ಸೂಜಿ ಸ್ಕ್ರೂ) ದಾಟಿದ ಮೇಲಿನದು. ಕಾರ್ಬೊರೇಟರ್ ಬುಡದ ರಬ್ಬರ್ ರಿಂಗ್ ಒಣಗಿ ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಇಂಜಿನ್ ಹಿಂಬದಿ ಮುಚ್ಚಳದ ಪ್ಯಾಕಿಂಗ್ ಹೋಗಿರುತ್ತದೆ. ಗಾಳಿ ಅಲ್ಲಿಂದ ಒಳಗೆ ಹೋಗುತ್ತದೆ, ನಳಿಕೆಯಲ್ಲಿ ಒಂದು ಗುಳ್ಳೆಯೂ ಕಾಣೋದಿಲ್ಲ. ಇಂಜಿನ್ ನಿಧಾನವಾಗಿ ಓಡುವಾಗ ಬುಡದ ಸುತ್ತ ಒಂದು ಹನಿ ಔಡಲೆಣ್ಣೆ (ಹರಳೆಣ್ಣೆ) ಬಿಡಿ. ಓಟ ಬದಲಾಯಿತು ಅಂದರೆ ಸೋರಿಕೆ ಅಲ್ಲೇ. ಕೈ ಮಾತ್ರ ಪ್ರೊಪೆಲ್ಲರ್ ಹಿಂದೆಯೇ ಇರಲಿ.

ಈ ಎರಡಕ್ಕೂ ನನ್ನ ಆಯ್ಕೆ 'ಗಾಳಿ ಎಳೆಯುತ್ತಿದೆ'. ಇದು ನಾನು ಕಟ್ಟಿದ ಮಾತಲ್ಲ. ಬಾವಿ ಪಂಪಿನ ಸಕ್ಷನ್ ಪೈಪ್ ಸೀಳಿದಾಗ ನಮ್ಮಲ್ಲಿ 'ಗಾಳಿ ಎಳೀತೈತಿ' ಅಂತಾರಲ್ವಾ, ಅದೇ. ಅಲ್ಲಿ ನಡೆಯೋದೂ ಇಲ್ಲಿ ನಡೆಯೋದೂ ಒಂದೇ, ನೀರಿನ ಬದಲು ಮೆಥನಾಲ್. 'ಎಳೆಯುತ್ತಿದೆ' ಅಂದಕೂಡಲೇ ಕೆಲಸ ಇನ್ನೂ ನಡೀತಾ ಇದೆ, ತೂತು ಎಲ್ಲೋ ಇದೆ ಅಂತ ಗೊತ್ತಾಗುತ್ತದೆ.

ಮೂರನೇದು ನೊರೆ. ಪ್ರೊಪೆಲ್ಲರ್ ತೂಕ ಸಮ ಇಲ್ಲದಿದ್ದರೆ, ಅಥವಾ ಟ್ಯಾಂಕ್ ನೇರವಾಗಿ ಕಟ್ಟಿಗೆಗೆ ತಾಗಿ ಕೂತಿದ್ದರೆ, ನಡುಕಕ್ಕೆ ಫ್ಯೂಯೆಲ್ ನೊರೆಯೇಳುತ್ತದೆ, ನಳಿಕೆಯಲ್ಲಿ ಬೆಳ್ಳಗೆ ಕಾಣುತ್ತದೆ. ಟ್ಯಾಂಕ್ ಸುತ್ತ ಸ್ಪಂಜ್ ಸುತ್ತಿ, ಪ್ರೊಪೆಲ್ಲರ್ ಸಮತೂಕ ಮಾಡಿದರೆ ಸರಿಹೋಗುತ್ತದೆ. 'ನೊರೆ ಎದ್ದಿದೆ' ಸಾಕು, ಇದರಲ್ಲಿ ಚರ್ಚೆಗೆ ಏನಿಲ್ಲ.

ನಾಲ್ಕನೇದೇ ಉಲ್ಟಾ. ಇಲ್ಲಿ ಗಾಳಿ ಜಾಸ್ತಿ ಆಗಿಲ್ಲ, ಸಾಕಾಗ್ತಿಲ್ಲ. ಟ್ಯಾಂಕ್‌ನಿಂದ ಫ್ಯೂಯೆಲ್ ಹೊರಗೆ ಹೋದ ಹಾಗೆ ಅದರ ಜಾಗಕ್ಕೆ ಗಾಳಿ ಒಳಗೆ ಬರಬೇಕು. ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೆಯೋದು ಇದಕ್ಕೇ, ಒಂದೇ ತೂತು ಇದ್ದರೆ ಎಣ್ಣೆ ತಡೆದು ತಡೆದು ಬರುತ್ತದೆ. ಹಳೇ ಟ್ಯಾಂಕ್‌ನ ಗಾಳಿ ನಳಿಕೆಯಲ್ಲಿ ಔಡಲೆಣ್ಣೆ ಅಂಟಾಗಿ ಗಟ್ಟಿಯಾಗಿರುತ್ತದೆ, ಅಥವಾ ಕಣಜದ ಹುಳ ಮಣ್ಣು ಮೆತ್ತಿರುತ್ತದೆ. ಸೈಲೆನ್ಸರ್‌ನಿಂದ ಟ್ಯಾಂಕ್‌ಗೆ ಒತ್ತಡ ಕೊಡುವ ನಳಿಕೆ ಇದ್ದರೆ ಅದರ ಬಾಯಿಗೆ ಕಾರ್ಬನ್ ಕಟ್ಟಿರುತ್ತದೆ. ಇಂಜಿನ್ ಸೊಗಸಾಗಿ ಹತ್ತಿಕೊಂಡು, ಸ್ವಲ್ಪ ಹೊತ್ತು ಓಡಿ, ದನಿ ಮೆಲ್ಲಗೆ ತೆಳ್ಳಗಾಗುತ್ತಾ ಹೋಗಿ ಆರಿಬಿಡುತ್ತದೆ. ಆಗ ನಳಿಕೆ ಕಿತ್ತರೆ ಟ್ಯಾಂಕ್ ಸುಸ್ ಅಂತ ಗಾಳಿ ಎಳೆದುಕೊಳ್ಳುತ್ತದೆ. ಇಂಥ ಟ್ಯಾಂಕ್‌ಗೆ 'ಏರ್ ಹಿಡಿದಿದೆ' ಅಂದರೆ ಹುಡುಗ ಇದ್ದಬದ್ದ ಜೋಡಣೆಯನ್ನೆಲ್ಲ ಇನ್ನೂ ಬಿಗಿ ಮಾಡುತ್ತಾನೆ, ಗಾಳಿ ಬರುವ ದಾರಿ ಇನ್ನಷ್ಟು ಮುಚ್ಚುತ್ತದೆ. ಇದಕ್ಕೆ 'ಉಸಿರು ಕಟ್ಟಿದೆ' ಅಂತ ಬರೆದಿದ್ದೇನೆ. ಕಿವಿಗೆ ಹಿತವಾಗಿದೆ. ಆದರೆ ಯಂತ್ರಕ್ಕೆ ಹಾಗೆ ಹೇಳೋ ರೂಢಿ ಎಲ್ಲಾದರೂ ಇದೆಯಾ ಅಂತ ತಿಳಿದವರು ಹೇಳಬೇಕು.

ಇನ್ನು 'ಫ್ಯೂಯೆಲ್'. ಯಾಕೆ ಎಣ್ಣೆ ಅಂತ ಬರೆದಿಲ್ಲ ಅಂತ ಕೇಳಬಹುದು. ಡೀಸೆಲ್‌ಗೆ ನಾವೆಲ್ಲ ಎಣ್ಣೆ ಅಂತೀವಿ, ನಿಜ. ಆದರೆ ಗ್ಲೋ ಇಂಜಿನ್‌ಗೆ ಹಾಕೋದು ಮೆಥನಾಲ್, ಅದರೊಳಗೆ ಔಡಲೆಣ್ಣೆ, ಹಳೇ ಇಂಜಿನ್‌ಗಾದರೆ ಶೇಕಡಾ 20ರಿಂದ 25ರಷ್ಟು, ಕೆಲವೊಮ್ಮೆ ಸ್ವಲ್ಪ ನೈಟ್ರೊಮೀಥೇನ್. 'ಎಣ್ಣೆ ಜಾಸ್ತಿ ಮಾಡು' ಅಂತ ಬರೆದರೆ ಒಬ್ಬ ನೀಡಲ್ ತಿರುಗಿಸುತ್ತಾನೆ, ಇನ್ನೊಬ್ಬ ಡಬ್ಬಕ್ಕೆ ಔಡಲೆಣ್ಣೆ ಸುರಿಯುತ್ತಾನೆ. ಆದ್ದರಿಂದ ಎಣ್ಣೆ ಅಂದರೆ ಔಡಲೆಣ್ಣೆ ಮಾತ್ರ, ಮಿಶ್ರಣ ಪೂರ್ತಿ ಫ್ಯೂಯೆಲ್ ಅಂತ ಗೆರೆ ಹಾಕಿಕೊಂಡಿದ್ದೇನೆ. 'ಇಂಧನ' ಬರೆಯಬಹುದಿತ್ತು. ಆದರೆ ಕೈಗೆ ಗ್ರೀಸ್ ಹತ್ತಿದಾಗ ಯಾರ ಬಾಯಲ್ಲೂ ಆ ಪದ ಬರೋದಿಲ್ಲ. 'ಇಂಧನ ಪೂರೈಕೆ' ಅಂತೂ ಬೇಡವೇ ಬೇಡ. ಪೂರೈಸೋರು ಯಾರೂ ಇಲ್ಲ ಇಲ್ಲಿ, ಇಂಜಿನ್ ತಾನೇ ಎಳೆದುಕೊಳ್ಳಬೇಕು. ನಮ್ಮ ಹುಡುಗರು ಹೇಳೋ 'ಎಳಿವಲ್ದು' (ಎಳೀತಾ ಇಲ್ಲ) ಅದಕ್ಕಿಂತ ನೂರು ಪಾಲು ಸರಿ. 'ಬರವಲ್ದು' (ಬರ್ತಾ ಇಲ್ಲ) ಅಂದರೆ ಕಣ್ಣು ಟ್ಯಾಂಕ್ ಕಡೆ ಹೋಗುತ್ತದೆ, 'ಎಳಿವಲ್ದು' ಅಂದರೆ ಟ್ಯಾಂಕ್‌ನಿಂದ ಇಂಜಿನ್‌ವರೆಗಿನ ಇಡೀ ದಾರಿ ಕಡೆ.

ಈಗ ನನಗೆ ಎಲ್ಲಕ್ಕಿಂತ ಕಷ್ಟ ಆಗಿರೋ ಜೋಡಿ: ಲೀನ್ ಮತ್ತು ರಿಚ್. ಫ್ಯೂಯೆಲ್ ಕಡಿಮೆ, ಗಾಳಿ ಜಾಸ್ತಿ ಆದರೆ ಲೀನ್. ಫ್ಯೂಯೆಲ್ ಜಾಸ್ತಿ ಆದರೆ ರಿಚ್. 'ದುರ್ಬಲ ಮಿಶ್ರಣ', 'ಸಮೃದ್ಧ ಮಿಶ್ರಣ' ಅಂತ ಬರೆದರೆ ಸಮೃದ್ಧವೇ ಒಳ್ಳೆಯದು ಅನ್ನಿಸಿಬಿಡುತ್ತದೆ. 'ತೆಳು', 'ದಪ್ಪ' ಅಂದರೆ ಫ್ಯೂಯೆಲ್‌ಗೆ ಏನೋ ಬೆರೆಸಿ ತೆಳ್ಳಗೆ ಮಾಡಿದ ಹಾಗೆ ಕೇಳುತ್ತದೆ. ನಾನು ಬಳಸಿ ನೋಡ್ತಿರೋದು 'ಒಣ ಓಟ', 'ಹಸಿ ಓಟ'. ಈ ಇಂಜಿನ್‌ನಲ್ಲಿ ಪಿಸ್ಟನ್‌ಗೆ ಬೇಕಾದ ಎಣ್ಣೆಯೂ ಫ್ಯೂಯೆಲ್ ಜೊತೆಗೇ ಬರಬೇಕು, ಬೇರೆ ದಾರಿ ಇಲ್ಲ. ಫ್ಯೂಯೆಲ್ ಕಡಿಮೆ ಆದರೆ ಎಣ್ಣೆಯೂ ಕಡಿಮೆ. ಇಂಜಿನ್ ನಿಜವಾಗಿಯೂ ಒಣಗುತ್ತದೆ, ಕಾಯುತ್ತದೆ, ಕೊನೆಗೆ ಸೀಜ್ ಆಗುತ್ತದೆ. 'ಒಣ' ಅನ್ನೋ ಮಾತಿನಲ್ಲೇ ಆ ಅಪಾಯವೂ ಬಂದುಬಿಡುತ್ತದೆ, ಬೇರೆ ಯಾವ ಮಾತಿನಲ್ಲೂ ಬರೋದಿಲ್ಲ. ಹಸಿ ಓಟದಲ್ಲಿ ಹೊಗೆ ದಟ್ಟ, ದನಿ ಬುರ್ ಬುರ್ ಅಂತ ಕೆಳಗೆ, ಯಾಕಂದರೆ ಪ್ರತಿ ಸುತ್ತಿಗೂ ಉರಿಯುವ ಬದಲು ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಉರಿಯುತ್ತಿರುತ್ತದೆ. ನಳಿಕೆಯನ್ನ ಬೆರಳಲ್ಲಿ ಒಂದು ಕ್ಷಣ ಚಿವುಟಿ ಬಿಡಿ. ವೇಗ ಏರಿದರೆ ಹಸಿ ಇತ್ತು. ಏರದೆ ತಕ್ಷಣ ಕುಸಿದರೆ ಒಣಗೇ ಇತ್ತು.

ಇಲ್ಲೇ 'ಟೈಟ್ ಮಾಡು' ಅನ್ನೋ ಮಾತೂ ಬರುತ್ತದೆ. ಬೈಕ್ ಕಾರ್ಬೊರೇಟರ್‌ನ ಏರ್ ಸ್ಕ್ರೂ ಬಿಚ್ಚಿ ಗೊತ್ತಿರೋ ಹುಡುಗನಿಗೆ ಟೈಟ್ ಅಂದರೆ ಗಾಳಿ ಕಡಿಮೆ, ಅಂದರೆ ಹಸಿ. ಗ್ಲೋ ಇಂಜಿನ್‌ನ ನೀಡಲ್ ಟೈಟ್ ಮಾಡಿದರೆ ಫ್ಯೂಯೆಲ್ ಕಡಿಮೆ, ಅಂದರೆ ಒಣ. ಇನ್ನು ಕೆಲವು ಹಳೇ ಕಾರ್ಬೊರೇಟರ್‌ಗಳ ಮುಂದೆ ಸಣ್ಣ ಗಾಳಿ ತೂತು, ಅದಕ್ಕೊಂದು ಸ್ಕ್ರೂ ಇರುತ್ತದೆ, ಅದನ್ನ ಬಿಗಿ ಮಾಡಿದರೆ ನಿಧಾನ ಓಟ ಹಸಿ ಆಗುತ್ತದೆ. ಒಂದೇ ಇಂಜಿನ್ ಮೇಲೆ ಎರಡು ಸ್ಕ್ರೂ, ಒಂದೇ ಮಾತು, ಎರಡು ಉಲ್ಟಾ ಫಲ! ಅದಕ್ಕೇ ಟಿಪ್ಪಣಿಯಲ್ಲಿ ಬಿಗಿ, ಸಡಿಲ ಅಂತ ಒಂಟಿಯಾಗಿ ಎಲ್ಲೂ ಬರೆದಿಲ್ಲ. 'ನೀಡಲ್ ಕಾಲು ಸುತ್ತು ಒಳಗೆ, ಫ್ಯೂಯೆಲ್ ಕಡಿಮೆ' ಅಂತ ಎರಡೂ ಸೇರಿಸಿ ಬರೆದಿದ್ದೇನೆ. ಉದ್ದ ಆಗುತ್ತದೆ, ಆಗಲಿ. ಅದರಲ್ಲೂ ಮೆಥನಾಲ್ ವಿಷಯದಲ್ಲಿ ಕೈ ಅಳತೆಯೇ ಬೇರೆ. ಪೆಟ್ರೋಲ್ ಒಂದು ಪಾಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕಾದರೆ ಮೆಥನಾಲ್‌ಗೆ 6.4 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಎರಡು ಪಟ್ಟಿಗಿಂತ ಜಾಸ್ತಿ ಮೆಥನಾಲ್ ಹರಿಯಬೇಕು. ಬೈಕ್ ಲೆಕ್ಕ ಇಟ್ಟುಕೊಂಡು ಬಂದವರು ಮೊದಲು ಮಾಡೋದೇ ಒಣ ಓಟ.

'ಹಿಡಿದಿದೆ' ಇನ್ನೊಂದು ಕಡೆಯೂ ಕಾಡುತ್ತದೆ. ಅಟ್ಟದಿಂದ ಇಳಿಸಿದ ಇಂಜಿನ್ ಕೈಯಲ್ಲಿ ತಿರುಗದಿದ್ದರೆ 'ಇಂಜಿನ್ ಹಿಡಕೊಂಡೈತಿ' ಅಂತಾರೆ. ಒಣ ಓಟದಿಂದ ಲೋಹಕ್ಕೆ ಲೋಹ ಕಚ್ಚಿದ್ದಕ್ಕೂ ಅದೇ ಮಾತು. ಮೊದಲನೇದು ಬರೀ ಔಡಲೆಣ್ಣೆಯ ಅಂಟು, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ತೆಳು ಎಣ್ಣೆ ಬಿಟ್ಟರೆ ಮೆಲ್ಲಗೆ ಬಿಡುತ್ತದೆ. ಎರಡನೇದು ಗಾಯ. ಮೊದಲನೇದಕ್ಕೆ 'ಅಂಟಿದೆ', ಎರಡನೇದಕ್ಕೆ 'ಸೀಜ್ ಆಗಿದೆ' ಅಂತ ಬೇರೆ ಮಾಡಿದ್ದೇನೆ. ಅಂಟಿದ್ದನ್ನ ಪ್ರೊಪೆಲ್ಲರ್ ಹಿಡಿದು ಬಲವಂತವಾಗಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಥ ಇಂಜಿನ್‌ಗೆ ಬಿಡಿಭಾಗ ಹುಡುಕೋದು ಎಷ್ಟು ಕಷ್ಟ ಅಂತ ಗೊತ್ತಿದ್ದವರಿಗೆ ಗೊತ್ತು.

ಇವಕ್ಕೆಲ್ಲ ಕಿಟೆಲ್ ನಿಘಂಟು ತೆರೆದು ಪ್ರಯೋಜನ ಇಲ್ಲ. ಅದು ಅಚ್ಚಾಗಿದ್ದು 1894ರಲ್ಲಿ, ಗ್ಲೋ ಪ್ಲಗ್ ಮಾರುಕಟ್ಟೆಗೆ ಬಂದಿದ್ದು 1947ರಲ್ಲಿ. ಈ ಮಾತುಗಳು ಇದ್ದರೆ ಹೊಲದಲ್ಲಿ, ಗ್ಯಾರೇಜಿನಲ್ಲಿ ಇರಬೇಕು. ಅದಕ್ಕೇ ಕೇಳುತ್ತಿದ್ದೇನೆ. ಹಾವೇರಿ, ರಾಣೇಬೆನ್ನೂರು, ಗದಗ ಕಡೆ ಪಂಪ್‌ಸೆಟ್ ಇರುವ ಮನೆಯವರು ಹೇಳಿ: ಡೀಸೆಲ್ ಲೈನ್‌ನಲ್ಲಿ ಗಾಳಿ ಕೂತಾಗಲೂ, ನೀರಿನ ಸಕ್ಷನ್ ಪೈಪ್ ಸೀಳಿದಾಗಲೂ ನಿಮ್ಮಲ್ಲಿ ಒಂದೇ ಮಾತಾ, ಬೇರೆ ಬೇರೆಯಾ? ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿ ಗಾಡಿ ನಿಂತರೆ ನಿಮ್ಮ ಮೆಕ್ಯಾನಿಕ್ ಏನಂತಾರೆ? ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಕೂಡ ಎಷ್ಟೋ ಕಡೆ ಈ ಇಂಜಿನ್‌ಗಳ ಹಾಗೆ ಟೂ ಸ್ಟ್ರೋಕೇ, ಅದರ ಲೀನ್, ರಿಚ್‌ಗೆ ಹೊಲದಲ್ಲಿ ಏನಾದರೂ ಮಾತು ಹುಟ್ಟಿದೆಯಾ? 'ಒಣ ಓಟ' ಕೇಳಿದ ಕೂಡಲೇ ನಿಮಗೆ ಫ್ಯೂಯೆಲ್ ಪೂರ್ತಿ ಖಾಲಿಯಾದ ಹಾಗೆ ಅನ್ನಿಸಿದರೆ ಅದನ್ನೂ ದಯವಿಟ್ಟು ತಿಳಿಸಿ, ಆಗ ಬೇರೆ ಪದ ಹುಡುಕಬೇಕಾಗುತ್ತದೆ.

ಟಿಪ್ಪಣಿಯ ಮೊದಲ ಪುಟದಲ್ಲೇ ಹಾಕಿರೋ ಒಂದು ಮಾತು ಇಲ್ಲೂ ಹೇಳಿಬಿಡುತ್ತೇನೆ, ಯಾಕಂದರೆ ಓದಿದ ಕೂಡಲೇ ಯಾರಾದರೂ ಹಳೇ ಟ್ಯಾಂಕ್ ಕೈಗೆತ್ತಿಕೊಳ್ಳಬಹುದು. ನಳಿಕೆ ಕಟ್ಟಿದೆಯಾ ಅಂತ ಬಾಯಿ ಹಚ್ಚಿ ಎಳೆದು ನೋಡಬೇಡಿ. ಮೆಥನಾಲ್ ವಿಷ, ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ಬಿಸಿಲಲ್ಲಿ ಅದರ ಉರಿ ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ದೊಡ್ಡ ಸಿರಿಂಜ್ ಸಾಕು, ಗಾಳಿ ಊದೋಕೂ ಅದೇ, ಎಳೆಯೋಕೂ ಅದೇ.

ಉತ್ತರ ಬರೆಯುವಾಗ ಪದದ ಜೊತೆ ಅದು ಯಾವ ಊರಿನ ಬಳಕೆ, ಯಾವ ಯಂತ್ರಕ್ಕೆ ಹೇಳ್ತಾರೆ ಅಂತಲೂ ಬರೆಯಿರಿ.