ಎಜ್ಡಿ ರೋಡ್‌ಕಿಂಗ್: ಪ್ಲಗ್ ಥ್ರೆಡ್ ಕಿತ್ತು ಬಂದಿದೆ, ಹೆಡ್ ಉಳಿಸಬಹುದಾ?

ರೋಡ್‌ಕಿಂಗ್_ಹಾಸನ

ಎಲ್ಲರಿಗೂ ನಮಸ್ಕಾರ. ನನ್ನದು 1986ರ ರೋಡ್‌ಕಿಂಗ್, ಮಾವ ಓಡಿಸುತ್ತಿದ್ದ ಗಾಡಿ. ಸ್ವಲ್ಪ ದಿನದಿಂದ ಸ್ಟಾರ್ಟಿಂಗ್ ಟ್ರಬಲ್ ಇತ್ತು. ಏರು ಹತ್ತುವಾಗ ಸ್ಪಾರ್ಕ್ ಪ್ಲಗ್ ಹತ್ತಿರ ಚಿಸ್ ಚಿಸ್ ಅಂತ ಸದ್ದು. ಪ್ಲಗ್ ಸುತ್ತಲೂ ಎಣ್ಣೆಯ ಕಪ್ಪು ಮಸಿ.

ನಿನ್ನೆ ಪ್ಲಗ್ ಬಿಚ್ಚಲು ಹೋದೆ. ಮೊದಲು ಸಲೀಸಾಗಿ ಸಡಿಲವಾಯಿತು. ಅರ್ಧ ಮೇಲೆ ಬಂದ ಮೇಲೆ ಸಿಕ್ಕಾಪಟ್ಟೆ ಬಿಗಿ. ಕೊನೆಗೂ ಬಂತು, ಆದರೆ ಪ್ಲಗ್ಗಿನ ಥ್ರೆಡ್ಡಿಗೆ ಅಲ್ಯೂಮಿನಿಯಮ್ ಸುರುಳಿಯೇ ಸುತ್ತಿಕೊಂಡು ಬಂದಿದೆ. ಈಗ ಹೊಸ ಪ್ಲಗ್ ಹಾಕಿದರೆ ಸುಮ್ನೆ ತಿರುಗುತ್ತದೆ, ಕೂರುವುದಿಲ್ಲ.

ಇಲ್ಲಿನ ಮೆಕ್ಯಾನಿಕ್ ಒಬ್ಬರು ಹೆಡ್ಡೇ (ಸಿಲಿಂಡರ್ ಮೇಲಿನ, ಪ್ಲಗ್ ಕೂರುವ ಮುಚ್ಚಳ) ಬದಲಾಯಿಸಿ ಅಂತಾರೆ. ಇನ್ನೊಬ್ಬರು ಹೆಡ್ ಇಳಿಸದೆ ಗಾಡಿ ಮೇಲೇ ದೊಡ್ಡ ಟ್ಯಾಪ್ ಹೊಡೆದು ಹೊಸ ಥ್ರೆಡ್ ಕೊರೆದು ಕೊಡುತ್ತೇನೆ, ಒಂದು ಗಂಟೆ ಕೆಲಸ ಅಂತಾರೆ. ಯಾವುದು ಸರಿ?

ಬುಲೆಟ್_ಭಕ್ತ

ಸದ್ಯಕ್ಕೆ ಟೆಫ್ಲಾನ್ ಟೇಪ್ ಸುತ್ತಿ ಹಾಕಿ ನೋಡಿ ಸರ್. ಇಲ್ಲ ಅಂದ್ರೆ ಎಂ-ಸೀಲ್. ನಮ್ಮ ಊರಲ್ಲಿ ಒಬ್ಬರು ಹಾಗೇ ಓಡಿಸುತ್ತಿದ್ದಾರೆ.

ಲೇತ್_ಮನೆ

ದಯವಿಟ್ಟು ಬೇಡ. ಪ್ಲಗ್ಗಿನ ಬಿಸಿ ಹೆಡ್ಡಿಗೆ ಇಳಿಯುವುದು ಆ ಥ್ರೆಡ್ ಮತ್ತು ವಾಷರ್ ಮೂಲಕವೇ. ಕಿಡಿ ಹಾರಲು ಬೇಕಾದ ಅರ್ಥಿಂಗ್ ಸಿಗುವುದೂ ಅಲ್ಲೇ. ನಡುವೆ ಟೇಪ್ ತುರುಕಿದರೆ ಎರಡೂ ಕೆಡುತ್ತವೆ. ಸಡಿಲ ಪ್ಲಗ್ ಒತ್ತಡಕ್ಕೆ ಹಾರಿದರೆ ಟ್ಯಾಂಕಿಗೋ ಮೊಣಕಾಲಿಗೋ ಬಡಿಯುತ್ತದೆ.

ರಿಪೇರಿ ಆಮೇಲೆ ಮಾತಾಡೋಣ. ಮೊದಲು ಎರಡು ಅಳತೆ ಹೇಳಿ. ಬಿಚ್ಚಿದ ಪ್ಲಗ್ಗಿನ ಥ್ರೆಡ್ ಭಾಗ ಎಷ್ಟು ಉದ್ದ? ಹೆಡ್ಡಿನಲ್ಲಿ ವಾಷರ್ ಕೂರುವ ಜಾಗದಿಂದ ತೂತಿನ ಒಳಗಿನ ಅಂಚಿನವರೆಗೆ ಎಷ್ಟು ಆಳ? ಪ್ಲಗ್ಗಿನ ತುದಿಯ ಥ್ರೆಡ್ ಯಾವ ಬಣ್ಣ ಇದೆ ಅನ್ನುವುದನ್ನೂ ನೋಡಿ. ಅರ್ಧ ಬಂದ ಮೇಲೆ ಬಿಗಿಯಾಯಿತು ಅಂದಿರಲ್ಲ, ಅಲ್ಲೇ ನನಗೆ ಅನುಮಾನ.

ರೋಡ್‌ಕಿಂಗ್_ಹಾಸನ

ವರ್ನಿಯರ್‌ನಲ್ಲಿ ನೋಡಿದೆ ಸರ್. ಪ್ಲಗ್ ಥ್ರೆಡ್ 19 ಮಿ.ಮೀ. ತೂತಿನ ಆಳ ಸುಮಾರು 12.5. ಪ್ಲಗ್ಗಿನ ತುದಿಯ ಥ್ರೆಡ್‌ಗಳು ಪೂರ್ತಿ ಕಪ್ಪು, ಮಸಿ ಗಟ್ಟಿಯಾಗಿ ಕೂತಿದೆ. ಪ್ಲಗ್ ಮೇಲೆ ಬಿ7ಇಎಸ್ ಅಂತ ಇದೆ. ಹೋದ ಸರ್ವೀಸಿನಲ್ಲಿ ಗ್ಯಾರೇಜಿನವರು ಹಾಕಿದ್ದು.

ಲೇತ್_ಮನೆ

ಹಾಗಾದರೆ ಥ್ರೆಡ್ ಹೋಗಿದ್ದಕ್ಕೆ ಕಾರಣ ಸಿಕ್ಕಿತು. ಈ ಹೆಡ್ಡಿಗೆ ಬೇಕಾದದ್ದು 12.7 ಮಿ.ಮೀ. ಉದ್ದದ ಥ್ರೆಡ್ ಇರುವ ಪ್ಲಗ್. ಎನ್‌ಜಿಕೆ ಕಂಪನಿಯದ್ದಾದರೆ ಬಿ7ಎಚ್‌ಎಸ್. ಹೆಸರಿನಲ್ಲಿರುವ 'ಎಚ್' ಅಂದರೆ 12.7, 'ಇ' ಅಂದರೆ 19. ಎರಡಕ್ಕೂ ಥ್ರೆಡ್ ವ್ಯಾಸ 14 ಮಿ.ಮೀ., ಪಿಚ್ (ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ಅಂತರ) 1.25. ಪ್ಲಗ್ ಸ್ಪ್ಯಾನರ್ ಕೂಡ ಒಂದೇ. ಹಾಗಾಗಿ ಕೈಗೆ ಸಿಕ್ಕಿದ್ದನ್ನು ಹಾಕಿದರೂ ಹಾಯಾಗಿ ಕೂರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಆರೂವರೆ ಮಿ.ಮೀ. ಥ್ರೆಡ್ ಒಳಗೆ ಬೆಂಕಿ ಉರಿಯುವ ಜಾಗದಲ್ಲಿ ಚಾಚಿಕೊಂಡಿರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಜೊತೆ ಆಯಿಲ್ಲೂ ಉರಿಯುವುದರಿಂದ ಆ ಥ್ರೆಡ್ ಸಂದಿಯಲ್ಲೆಲ್ಲ ಕಾರ್ಬನ್ ಕಲ್ಲಿನ ಹಾಗೆ ಕೂರುತ್ತದೆ. ಬಿಚ್ಚುವಾಗ ಆ ಕಾರ್ಬನ್ ಮೆತ್ತಗಿನ ಅಲ್ಯೂಮಿನಿಯಮ್ ಥ್ರೆಡ್ಡನ್ನು ಕಿತ್ತುಕೊಂಡೇ ಹೊರಗೆ ಬರುತ್ತದೆ. ನಿಮಗೆ ಆದದ್ದು ಇದೇ. ಹೆಡ್ ಇಳಿಸಿದಾಗ ಪಿಸ್ಟನ್ ತಲೆಯನ್ನೂ ಒಮ್ಮೆ ನೋಡಿ, ಪ್ಲಗ್ ತಾಗಿದ ಗುರುತು ಇದೆಯಾ ಅಂತ.

ಹೆಡ್ ಬದಲಾಯಿಸುವ ಮಾತು ಬಿಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದೆ. ಒಳ್ಳೆಯ ಒರಿಜಿನಲ್ ಹೆಡ್ ಸುಲಭಕ್ಕೆ ಸಿಗುವುದಿಲ್ಲ. ನಿಮ್ಮದರಲ್ಲಿ ಹೋಗಿರುವುದು ಬರೀ ತೂತು.

ಗಾಡಿ ಮೇಲೇ ಟ್ಯಾಪ್ ಹೊಡೆಸುವುದಂತೂ ಬೇಡವೇ ಬೇಡ. ಲೋಹದ ಪುಡಿ ಸಿಲಿಂಡರಿಗೆ ಬಿದ್ದರೆ ಪೋರ್ಟ್ (ಸಿಲಿಂಡರ್ ಗೋಡೆಯ ಕಿಂಡಿ) ಮೂಲಕ ಕೆಳಗಿನ ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ. ಅಲ್ಲಿ ಕನೆಕ್ಟಿಂಗ್ ರಾಡ್ ಬೇರಿಂಗ್ ಇದೆ. ಇದು ಟೂ ಸ್ಟ್ರೋಕ್ ಗಾಡಿ ಸ್ವಾಮಿ, ಹೆಡ್ಡಿನಲ್ಲಿ ವಾಲ್ವೂ ಇಲ್ಲ, ಟೈಮಿಂಗೂ ಇಲ್ಲ. ಟ್ಯಾಂಕ್ ಇಳಿಸಿ, ನಟ್‌ಗಳನ್ನು ಅಡ್ಡಡ್ಡ ಜೋಡಿಯಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಎತ್ತಿದರೆ ಮುಗಿಯಿತು. ಹೆಡ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಲೇತ್ ಅಂಗಡಿಗೆ ಹೋಗಿ.

ರೋಡ್‌ಕಿಂಗ್_ಹಾಸನ

ತುಂಬಾ ಥ್ಯಾಂಕ್ಸ್ ಸರ್. ಹೆಲಿಕಾಯಿಲ್ ಹಾಕಿಸಲಾ, ಬುಶ್ (ಒಳಗೂ ಹೊರಗೂ ಥ್ರೆಡ್ ಇರುವ ಲೋಹದ ಕೊಳವೆ) ಹೊಡೆಸಲಾ? ಆರ್ಗಾನ್ ವೆಲ್ಡಿಂಗ್ ಮಾಡಿ ಹೊಸ ಥ್ರೆಡ್ ತೆಗೆಯಬಹುದು ಅಂತಲೂ ಒಬ್ಬರು ಹೇಳಿದರು.

ಲೇತ್_ಮನೆ

ಕವರ್ ಬೋಲ್ಟ್, ಸ್ಟಡ್ ಇಂಥದ್ದಕ್ಕೆ ನಾನು ಕಣ್ಣು ಮುಚ್ಚಿಕೊಂಡು ಹೆಲಿಕಾಯಿಲ್ ಅಂತೀನಿ. ಸ್ಟೀಲ್ ತಂತಿಯ ಸುರುಳಿ ಅದು. ಅಲ್ಯೂಮಿನಿಯಮ್‌ನಲ್ಲಿ ಮೂಲ ಥ್ರೆಡ್‌ಗಿಂತ ಗಟ್ಟಿ. ಪ್ಲಗ್ಗಿಗೂ ಹೆಲಿಕಾಯಿಲ್ ಬರುತ್ತದೆ, ಕೆಲಸ ಮಾಡುತ್ತದೆ. ಆದರೆ ಪ್ಲಗ್ ಪದೇ ಪದೇ ಬಿಚ್ಚುವ ವಸ್ತು. ಒಂದು ದಿನ ಸುರುಳಿಯೂ ಅದರ ಜೊತೆಗೇ ಹೊರಗೆ ಬಂದುಬಿಡುತ್ತದೆ. ಹಾಗಾಗಿ ಇಲ್ಲಿ ಗಟ್ಟಿ ಬುಶ್ಶೇ ವಾಸಿ. ವೆಲ್ಡಿಂಗ್ ಕೊನೆಯ ದಾರಿ. ಆ ಬಿಸಿಗೆ ಹೆಡ್ ಸೊಟ್ಟಗಾದರೆ ಮತ್ತೆ ಫೇಸಿಂಗ್ ಮಾಡಿಸಿ ತಳ ಮಟ್ಟ ಮಾಡಬೇಕು.

ಲೇತಿನವರಿಗೆ ಹೀಗೆ ಹೇಳಿ: ಹೊರಗೆ ಎಂ18 × 1.5, ಒಳಗೆ ಎಂ14 × 1.25 (ಎಂ ಅಂದರೆ ಮೆಟ್ರಿಕ್ ಥ್ರೆಡ್, ಮೊದಲನೆಯದು ವ್ಯಾಸ, ಎರಡನೆಯದು ಪಿಚ್), ಮೇಲೆ ತೆಳು ಕಾಲರ್ (ಹೊರಚಾಚಿದ ಅಂಚು). ಲೋಹ ಕಂಚು ಅಥವಾ ಹಿತ್ತಾಳೆ. ಬಿಸಿಯಾದಾಗ ಇವು ಹಿಗ್ಗುವ ಪ್ರಮಾಣ ಅಲ್ಯೂಮಿನಿಯಮ್‌ಗೆ ಹತ್ತಿರ. ಸ್ಟೀಲ್ ಅಷ್ಟು ಹಿಗ್ಗುವುದಿಲ್ಲ, ಬುಶ್ ಸಡಿಲವಾಗುವ ಸಾಧ್ಯತೆ ಜಾಸ್ತಿ.

ಕಾಲರ್ ವಿಷಯ ಹೆಚ್ಚಿನವರು ಮರೆಯುತ್ತಾರೆ. ಅದು ಹೆಡ್ ಮೇಲೆ 2 ಮಿ.ಮೀ. ಎದ್ದು ಕೂತರೆ ಪ್ಲಗ್ಗೂ 2 ಮಿ.ಮೀ. ಮೇಲೆ ಹೋಗುತ್ತದೆ, ಕಿಡಿ ತೂತಿನೊಳಗೇ ಹಾರುತ್ತದೆ. ಹಾಗಾಗಿ ಕಾಲರ್ ಕೂರುವಷ್ಟು ಜಾಗ ಕೊರೆದು ಮಟ್ಟ ಮಾಡಿಸಿ. ಕೆಳಗಡೆಯೂ ಬುಶ್ ಒಳಗೆ ಇಣುಕಬಾರದು. ಚೂಪು ಅಂಚು ಇದ್ದರೆ ಅದೇ ಕೆಂಡವಾಗಿ, ಪ್ಲಗ್ ಕಿಡಿ ಕೊಡುವ ಮೊದಲೇ ಉರಿ ಹತ್ತುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ತಲೆಯೇ ತೂತು.

ಹೆಡ್ಡನ್ನು ಮಷೀನಿಗೆ ಕಟ್ಟುವಾಗ ಅದರ ತಳ ನೋಡಿ ಕೂರಿಸಬಾರದು. ವಾಷರ್ ಕೂರುವ ಮುಖಕ್ಕೆ ಡ್ರಿಲ್ ನೇರ ಇರಬೇಕು. ಟ್ಯಾಪಿಗೆ ಸೀಮೆಎಣ್ಣೆ ಹಾಕಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಬುಶ್ ಕೂರಿಸುವಾಗ ಬಿಸಿ ತಡೆಯುವ ಥ್ರೆಡ್ ಲಾಕರ್ ಅಂಟು ಹಚ್ಚಿ. ಒಳಗಿನಿಂದ ಅಂಚಿಗೆ ಪಂಚ್‌ನಲ್ಲಿ ಮೂರು ಕಡೆ ಮೆಲ್ಲಗೆ ಹೊಡೆದರೆ ಅಲುಗಾಡುವುದಿಲ್ಲ.

ಬುಲೆಟ್_ಭಕ್ತ

ಗುರುಗಳೇ, ಟೇಪ್ ವಿಷಯ ಬಿಟ್ಟುಬಿಡಿ. ನನ್ನ ಎಪ್ಪತ್ತರ ದಶಕದ ಬುಲೆಟ್‌ನಲ್ಲಿ ಕ್ರ್ಯಾಂಕ್ ಕೇಸಿನ ಒಂದು ಬೋಲ್ಟ್ ಹೀಗೇ ತಿರುಗುತ್ತಿದೆ. ಎಂ8 ಹೆಲಿಕಾಯಿಲ್ ತರಲಾ?

ಲೇತ್_ಮನೆ

ತಡೆಯಿರಿ. ಎಜ್ಡಿ ಮೂಲ ಚೆಕೊಸ್ಲೊವಾಕಿಯಾ, ಥ್ರೆಡ್ ಮೆಟ್ರಿಕ್. ಹಳೇ ಬುಲೆಟ್ ಮೂಲ ಇಂಗ್ಲೆಂಡ್, ಥ್ರೆಡ್ ಇಂಚಿನದ್ದು. 5/16 ಇಂಚು ಅಂದರೆ 7.94 ಮಿ.ಮೀ., ಕಣ್ಣಿಗೆ ಎಂ8 ಥರವೇ ಕಾಣುತ್ತದೆ. ಆದರೆ ಬ್ರಿಟಿಷ್ ಸಣ್ಣ ಥ್ರೆಡ್ ಬಿಎಸ್‌ಎಫ್ ಆದರೆ ಇಂಚಿಗೆ 22 ಥ್ರೆಡ್, ದಪ್ಪ ಥ್ರೆಡ್ ಬಿಎಸ್‌ಡಬ್ಲ್ಯೂ ಆದರೆ 18. ಎಂ8 ಲೆಕ್ಕ ಹಾಕಿದರೆ ಇಪ್ಪತ್ತಕ್ಕಿಂತ ಸ್ವಲ್ಪ ಜಾಸ್ತಿ. ಎರಡು ಸುತ್ತು ಹೋಗಿ ಹಿಡಿದುಕೊಳ್ಳುತ್ತದೆ. ಅಲ್ಲಿ ಯಾರೋ ಬಲ ಹಾಕಿರುತ್ತಾರೆ, ಥ್ರೆಡ್ ಹೋಗಿರುತ್ತದೆ. ನಿಮ್ಮದೂ ಹಾಗೇ ಆಗಿರಬಹುದು. ಪಕ್ಕದ ಚೆನ್ನಾಗಿರುವ ಬೋಲ್ಟ್ ಬಿಚ್ಚಿ ಪಿಚ್ ಗೇಜ್ ಇಟ್ಟು ನೋಡಿ, ಆಮೇಲೆ ಕಿಟ್ ತನ್ನಿ. ಬೆಂಗಳೂರಿನವರಾದರೆ ಎಸ್‌ಜೆಪಿ ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ವಿಚಾರಿಸಿ.

ರೋಡ್‌ಕಿಂಗ್_ಹಾಸನ

ಬುಶ್ ಹಾಕಿಸಿಕೊಂಡು ಬಂದೆ ಸರ್, ಕಂಚಿನದ್ದು. ಪಿಸ್ಟನ್ ಮೇಲೆ ಗುರುತೇನೂ ಇಲ್ಲ, ಪುಣ್ಯ. ಬಿ7ಎಚ್‌ಎಸ್ ಹಾಕಿದ್ದೇನೆ. ಎರಡನೇ ಕಿಕ್ಕಿಗೆ ಸ್ಟಾರ್ಟ್, ಚಿಸ್ ಸದ್ದು ಇಲ್ಲ. ಟಾರ್ಕ್ ವ್ರೆಂಚ್ (ಬಿಗಿ ಅಳೆಯುವ ಸ್ಪ್ಯಾನರ್) ಇಲ್ಲ, ಎಷ್ಟು ಬಿಗಿ ಮಾಡಲಿ?

ಲೇತ್_ಮನೆ

ವ್ರೆಂಚ್ ಇದ್ದಿದ್ದರೆ 25ರಿಂದ 30 ನ್ಯೂಟನ್ ಮೀಟರ್ ಅಂತಿದ್ದೆ. ಇಲ್ಲದಿದ್ದರೆ ಎಂಜಿನ್ ತಣ್ಣಗಿರುವಾಗ ಬರಿಗೈಯಲ್ಲಿ ವಾಷರ್ ತಾಗುವವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತು. ಇದು ಹೊಸ ಪ್ಲಗ್ಗಿನ ಲೆಕ್ಕ. ಒಮ್ಮೆ ಬಿಚ್ಚಿ ಅದನ್ನೇ ಮತ್ತೆ ಹಾಕುವಾಗ ವಾಷರ್ ಚಪ್ಪಟೆಯಾಗಿರುತ್ತದೆ, ಸುತ್ತಿನ ಹನ್ನೆರಡನೇ ಒಂದು ಭಾಗ ಸಾಕು. ಹೆಡ್ ನಟ್‌ಗಳನ್ನು ಮಾತ್ರ ಒಂದು ಸಲ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಿ.